ಹೊಗೆಸೊಪ್ಪಿನ ಸೀಮೆಯಲ್ಲಿ ಮನೋಚಿಕಿತ್ಸೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕೆಂಪುನೆಲದಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ನಾಟಿಯಾದ ವರ್ಜೀನಿಯಾ ಹೊಗೆಸೊಪ್ಪು ಆಷಾಢ ಶ್ರಾವಣಗಳಲ್ಲಿ ಕೊಯ್ಲಿಗೆ ಬಂದಾಗ, ಅದನ್ನು ಬ್ಯಾರನ್ ಎಂಬ ಬೇಯಿಸುವ ಗೂಡಿನೊಳಗೆ ಕಟ್ಟಿ, ಸೌದೆಯ ಉರಿಯನ್ನು ಹಂತಹಂತವಾಗಿ ಏರಿಸುತ್ತ, 5-6 ದಿನಗಳ ಕಾಲ ಹಗಲಿರುಳೂ ಕಾದು ಬೇಯಿಸಬೇಕಾಗುತ್ತದೆ. ಉರಿ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ದರ್ಜೆ ಇಳಿಯುತ್ತದೆ. ದರ್ಜೆ ಇಳಿದರೆ ಹರಾಜು ಮಾರುಕಟ್ಟೆಯಲ್ಲಿ ಬೆಲೆ ಸಿಕ್ಕದು. ಒಂದು ಬ್ಯಾರನ್ ಇಳಿಸುವಷ್ಟರಲ್ಲಿ ಇನ್ನೊಂದು ಕೊಯ್ಲು ಸಿದ್ಧವಾಗಿರುವುದರಿಂದ ವಾರಗಟ್ಟಲೆ ನಿದ್ರೆಗೆಟ್ಟ ಕೃಷಿಕನ ತಲೆಯ ಮೇಲೆ ಸೌದೆಗೆ, ಗೊಬ್ಬರಕ್ಕೆ, ಆಳುಕಾಳಿಗೆ ತಂದ ಸಾಲವೂ ಕೂತಿರುತ್ತದೆ. 2015ರಲ್ಲಿ ಕರ್ನಾಟಕದ ಹಲವು ಜಿಲ್ಲೆಗಳ ರೈತರು ಆತ್ಮಹತ್ಯೆಗೆ ಶರಣಾದಾಗ ಈ ಸೀಮೆಯ ಹೊಗೆಸೊಪ್ಪು ಬೆಳೆಗಾರರೂ ಅವರಲ್ಲಿದ್ದರು.

ಅಂಥ ಮನುಷ್ಯನಿಗೆ ಆಪ್ತಸಮಾಲೋಚಕನೊಬ್ಬನ ಎದುರು ಕುಳಿತು ಮಾತನಾಡುವುದರಿಂದ ಏನು ಪ್ರಯೋಜನ, ಅವನಿಗೆ ಬೇಕಾದುದು ಬೆಲೆಯಲ್ಲವೆ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ನಾನು ಲಘುವಾಗಿ ತಳ್ಳಿಹಾಕಲಾರೆ. ಆದರೆ ಅದಕ್ಕೆ ಉತ್ತರ ಹೇಳುವ ಮೊದಲು ಮನೋಚಿಕಿತ್ಸೆ ಎಲ್ಲಿಂದ ಬಂತು, ಅದೆಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ.

ವಿಯೆನ್ನಾ ನಗರದಲ್ಲಿ ಬ್ರಾಯರ್, ಫ್ರಾಯ್ಡ್ ಎಂಬ ವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ ಮಾತಿನ ಚಿಕಿತ್ಸೆ ಮೈಸೂರು ಸೀಮೆಗೆ ತೀರ ಅಪರಿಚಿತವಾದುದೇನೂ ಅಲ್ಲ. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಅಭ್ಯಸಿಸಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಸ್ಥಾಪಿತವಾದ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ‘ಕೊರವಂಜಿ’ ಹಾಸ್ಯಪತ್ರಿಕೆಯ ಮೂಲಕ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವ್ಯಾಪಾರಗಳನ್ನು ಕನ್ನಡದಲ್ಲಿ ವಿವೇಚಿಸಿದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಇಂದಿನ ಓದುಗರು ನೆನೆಯಬೇಕಾದ ಸಂಗತಿ.

ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದು ಉಪದೇಶವಲ್ಲ. ನಮ್ಮ ಹಳ್ಳಿಗಳಲ್ಲಿ ‘ನಿದ್ದೆ ಹತ್ತಕಿಲ್ಲ, ಎದೆ ಡವಡವ ಅಂತದೆ’ ಎಂದವನಿಗೆ ಸುತ್ತಲಿನವರು ಪ್ರೀತಿಯಿಂದಲೇ ‘ಬುಡು, ಎಲ್ಲಾ ಸರಿಹೋಯ್ತದೆ’ ಎನ್ನುತ್ತಾರೆ. ಅಲ್ಲಿಗೆ ಅವನ ಮಾತು ನಿಂತುಹೋಗುತ್ತದೆ. ತರಬೇತಾದ ಸಮಾಲೋಚಕನಾದರೋ ಅಲ್ಲಿಂದಲೇ ಮುಂದಕ್ಕೆ ಕೇಳತೊಡಗುತ್ತಾನೆ: ಎಂದಿನಿಂದ ಹೀಗೆ, ಊಟ ಸೇರುತ್ತದೆಯೆ, ಕುಡಿತ ಹೆಚ್ಚಿದೆಯೆ, ಬದುಕೇ ಬೇಡವೆನಿಸುವುದುಂಟೆ? ಕಡೆಯ ಪ್ರಶ್ನೆಯನ್ನು ಕೇಳಿದರೆ ಇಲ್ಲದ ಆಲೋಚನೆಯನ್ನು ಬಿತ್ತಿದಂತಾಗುವುದೆಂಬ ಭಯ ಜನರಲ್ಲಿದೆ, ಅದು ನಿರಾಧಾರ. ಕೇಳುವವರೊಬ್ಬರು ಸಿಕ್ಕಿದರೆಂಬುದೇ ಎಷ್ಟೋ ಜನರಿಗೆ ಆ ಗಳಿಗೆಯ ಆಸರೆ. ಬಳಿಕ ಸಮಾಲೋಚಕನು, ಖಿನ್ನತೆಯಿಂದ ಕೈಬಿಟ್ಟುಹೋದ ಸಣ್ಣಪುಟ್ಟ ಕೆಲಸಗಳನ್ನು, ದನಕ್ಕೆ ಮೇವು ಹಾಕುವುದು, ನೆಂಟರ ಮನೆಗೆ ಹೋಗಿಬರುವುದು, ಇಂಥವನ್ನು, ವಾರವಾರಕ್ಕೆ ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡುತ್ತಾನೆ.

ಇದಕ್ಕೆ ದೊಡ್ಡ ಪದವಿಯೇ ಬೇಕೆಂದೂ ಇಲ್ಲ. ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸಾಮಾನ್ಯ ಜನರನ್ನೇ ತರಬೇತುಗೊಳಿಸಿ, 6ರಿಂದ 8 ಭೇಟಿಗಳಲ್ಲಿ ಮುಗಿಯುವ ಈ ಬಗೆಯ ಚಿಕಿತ್ಸೆಯನ್ನು ಪರೀಕ್ಷಿಸಿದರು. ಅದನ್ನು ಪಡೆದ ಖಿನ್ನರಲ್ಲಿ ಮೂರು ತಿಂಗಳ ಬಳಿಕ ಶೇ. 64 ಮಂದಿ ಚೇತರಿಸಿಕೊಂಡಿದ್ದರು. ಪಡೆಯದವರಲ್ಲಿ ಚೇತರಿಸಿಕೊಂಡವರು ಶೇ. 39. ಈ ಅಂತರ ಅಲ್ಪವಲ್ಲ. ಆದರೆ ಚಿಕಿತ್ಸೆ ಪಡೆದೂ ಗುಣವಾಗದ ಮೂರನೆಯ ಒಂದಂಶಕ್ಕಿಂತ ಹೆಚ್ಚು ಜನರನ್ನು ಮರೆಯುವುದು ಪ್ರಾಮಾಣಿಕತೆಯಲ್ಲ. ಅವರಲ್ಲಿ ಕೆಲವರಿಗೆ ಔಷಧ ಬೇಕಾದೀತು, ಕೆಲವರಿಗೆ ಬೇರೊಬ್ಬ ಸಮಾಲೋಚಕ ಬೇಕಾದೀತು. ಮತ್ತೆ ಕೆಲವರ ದುಃಖದ ಬೇರು ಮನಸ್ಸಿನ ಹೊರಗೇ ಇದ್ದೀತು.

ಆ ಹೊರಗಿನ ಬೇರನ್ನು ಮಾತು ಕೀಳಲಾರದು. ಇಂಡೊನೇಷ್ಯದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನಗದು ನೆರವು ಕೊಟ್ಟ ಪ್ರದೇಶಗಳಲ್ಲಿ ಆತ್ಮಹತ್ಯೆಗಳು ಶೇ. 18ರಷ್ಟು ಇಳಿದುವೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು; ಅಲ್ಲಿ ಯಾರೂ ಯಾರ ಮನಸ್ಸನ್ನೂ ತಿದ್ದಲು ಹೋಗಿರಲಿಲ್ಲ. ಕಬಿನಿ ಜಲಾಶಯಕ್ಕಾಗಿ, ನಾಗರಹೊಳೆಯ ಅರಣ್ಯರಕ್ಷಣೆಗಾಗಿ ತಮ್ಮ ಹಾಡಿಗಳನ್ನು ತೊರೆದು ಬಂದ ಜೇನುಕುರುಬ ಕುಟುಂಬಗಳ ವ್ಯಥೆಯನ್ನು ಕಾಯಿಲೆಯೆಂದು ಕರೆದು ಚೀಟಿ ಬರೆದುಕೊಟ್ಟರೆ, ನೆಲ ಕಳೆದುಕೊಂಡವರ ನ್ಯಾಯವಾದ ಅಹವಾಲನ್ನೇ ಅಳಿಸಿಹಾಕಿದಂತಾಗುತ್ತದೆ. ಸೊಪ್ಪಿಗೆ ಬೆಲೆಯಿಲ್ಲವೆಂದು ಕಂಗೆಟ್ಟವನಿಗೆ ಚಿಂತನಾಕ್ರಮವನ್ನು ಬದಲಿಸಿಕೊಳ್ಳೆಂದು ಹೇಳುವುದೂ ಅಂಥದೇ ಅನ್ಯಾಯ.

ಹಾಗೆಂದು, ಎಲ್ಲಕ್ಕೂ ಸಾಲವೇ ಮೂಲವೆಂದು ತೀರ್ಮಾನಿಸಿ ಚಿಕಿತ್ಸೆಯನ್ನು ಬದಿಗಿಡುವವರೊಡನೆ ನಾನು ಒಪ್ಪಲಾರೆ. ಒಂದೇ ಊರಿನಲ್ಲಿ ಒಂದೇ ಬಗೆಯ ಸಾಲ ಹೊತ್ತ ಬಹುಜನರು ಹೇಗೋ ವರ್ಷವನ್ನು ದಾಟುತ್ತಾರೆ. ದಾಟಲಾರದವನ ಸಾಲದ ಜೊತೆಗೆ ನಿದ್ರಾಹೀನತೆ, ಮದ್ಯ, ಅವಮಾನದ ಭೀತಿ, ಒಂಟಿತನ ಇವು ಸೇರಿಕೊಂಡಿರುತ್ತವೆ, ಮತ್ತು ಇವುಗಳಿಗೆ ಉಪಾಯವುಂಟು. ಈ ಸೀಮೆಯಲ್ಲಿ ಕೆಲಸ ಮಾಡುವ ಸಮಾಲೋಚಕನು ಸಾಲ ಎಷ್ಟು, ಯಾರ ಬಳಿ, ಬಡ್ಡಿ ಎಷ್ಟು ಎಂಬುದನ್ನು ನಿದ್ರೆಯ ವಿಚಾರದಷ್ಟೇ ಸಹಜವಾಗಿ ಕೇಳಿ, ಬ್ಯಾಂಕಿನವರೊಡನೆ ಮಾತನಾಡಬಲ್ಲವರ ಬಳಿಗೆ ಅವನನ್ನು ಕಳುಹಿಸುವುದನ್ನೂ ತನ್ನ ಕರ್ತವ್ಯವೆಂದೇ ಬಗೆಯಬೇಕು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆಗಳುಳ್ಳವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹೊತ್ತುಗೊತ್ತಿಲ್ಲದೆ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬ್ಯಾರನ್ ಕಾಯುವ ರಾತ್ರಿಗಳಲ್ಲಿ ಎಚ್ಚರವಾಗಿರುವವನಿಗೂ, ಅವನ ವರ್ತನೆ ಕಂಡು ದಿಗಿಲುಗೊಂಡ ಮನೆಯವರಿಗೂ ಈ ಸಂಖ್ಯೆ ಬಾಯಿಪಾಠವಾಗಿರಬೇಕು.

ಇಷ್ಟೆಲ್ಲದರಲ್ಲಿ ಹಿಂದೆ ಉಳಿದುಬಿಡುವವಳು ಆತ್ಮಹತ್ಯೆ ಮಾಡಿಕೊಂಡ ರೈತನ ಹೆಂಡತಿ. 2015ರಲ್ಲಿ ಸರ್ಕಾರ ಇಂಥ ಕುಟುಂಬಗಳ ಪರಿಹಾರಧನವನ್ನು 5 ಲಕ್ಷ ರೂಪಾಯಿಗಳಿಗೆ ಏರಿಸಿತು. ಆ ಹಣದಿಂದ ಸಾಲದ ಒಂದು ಭಾಗ ತೀರಬಹುದು. ಜಮೀನಿನ ಖಾತೆ ಬದಲಾವಣೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತ, ಗಂಡನ ಸಾವಿಗೆ ತಾನೇ ಕಾರಣಳೆಂಬ ಮಾತನ್ನು ಕೇಳುತ್ತ, ಬ್ಯಾರನ್ನನ್ನೂ ಮಕ್ಕಳನ್ನೂ ಒಬ್ಬಳೇ ನೋಡಿಕೊಳ್ಳುವ ಆಕೆಯ ಮನೆಗೆ, ಚೆಕ್ಕು ಕೈಸೇರಿದ ಮೇಲೂ ಕನಿಷ್ಠ ಒಂದು ವರ್ಷ, ತಿಂಗಳಿಗೊಮ್ಮೆಯಾದರೂ, ತರಬೇತಾದ ಆಶಾ ಕಾರ್ಯಕರ್ತೆಯೊಬ್ಬಳು ಹೋಗಿ ಕುಳಿತು ಮಾತನಾಡಿಸಿ ಬರುವಂತೆ ಜಿಲ್ಲಾಡಳಿತ ವ್ಯವಸ್ಥೆ ಮಾಡಬೇಕು. ಖಾತೆಯ ಕಾಗದ ಪತ್ರಗಳನ್ನು ಗ್ರಾಮ ಆಡಳಿತಾಧಿಕಾರಿ ಅವಳ ಮನೆಬಾಗಿಲಿಗೇ ತಂದು ಮುಟ್ಟಿಸಬೇಕು.