ಬೋನಿ ಎಂ ಹಾಡಿದ್ದು ಯಾರ ಹಾಡು?

ಇವತ್ತು ಹೆಡ್‌ಫೋನ್ ಹಾಕ್ಕೊಳ್ಳೋ ಮುಂಚೆ ಒಂದು ಚಿಕ್ಕ ಕೆಲಸ. ನೀವು ಹಾಡು ಕೇಳೋ ಆ್ಯಪ್‌ನಲ್ಲಿ ಬೋನಿ ಎಂ ತಂಡದ 'ರಿವರ್ಸ್ ಆಫ್ ಬ್ಯಾಬಿಲಾನ್' ಹುಡುಕಿ. ಕೇಳೋದು ಆಮೇಲೆ. ಹಾಡಿನ ಪಕ್ಕ ಮೂರು ಚುಕ್ಕಿ ಇರುತ್ತಲ್ಲ, ಅದನ್ನು ಒತ್ತಿ ಕ್ರೆಡಿಟ್ಸ್ ಅನ್ನೋ ಕಡೆ ಹೋಗಿ, ಬರೆದವರು ಯಾರು ಅಂತ ನೋಡಿ. ನಾವ್ಯಾರೂ ಸಾಮಾನ್ಯವಾಗಿ ಇಣುಕದ ಜಾಗ ಅದು. ಇವತ್ತಿನ ಎಪಿಸೋಡ್ ಪೂರ್ತಿ ಆ ಜಾಗದ ಬಗ್ಗೆಯೇ.

ಅಪ್ಪ, ಚಿಕ್ಕಪ್ಪಂದಿರ ಕ್ಯಾಸೆಟ್ ಡಬ್ಬದಲ್ಲಿ ಇಂಗ್ಲಿಷ್ ಹಾಡು ಅಂತ ಏನಾದ್ರೂ ಇದ್ದರೆ, ಅದರಲ್ಲಿ ಬೋನಿ ಎಂ ಸಿಗೋ ಸಾಧ್ಯತೆ ಜಾಸ್ತಿ. 'ರಿವರ್ಸ್ ಆಫ್ ಬ್ಯಾಬಿಲಾನ್' 1978ರಲ್ಲಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ತಂಡ ಕಟ್ಟಿದ್ದು ಜರ್ಮನಿಯ ನಿರ್ಮಾಪಕ ಫ್ರಾಂಕ್ ಫಾರಿಯನ್. ಆದರೆ ವೇದಿಕೆ ಮೇಲೆ ಕಾಣೋ ನಾಲ್ವರೂ ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿದವರು. ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್ ಜಮೈಕಾದವರು, ಮೇಝಿ ವಿಲಿಯಮ್ಸ್ ಮಾಂಟ್‌ಸೆರಾಟ್‌ನವರು, ಕುಣಿಯೋ ಬಾಬಿ ಫ್ಯಾರೆಲ್ ಅರುಬಾದವರು.

ಹಾಡು ಹುಟ್ಟಿದ್ದು ಮಾತ್ರ ಅದಕ್ಕೆ ಎಂಟು ವರ್ಷ ಮೊದಲು, 1970ರಲ್ಲಿ, ಜಮೈಕಾದಲ್ಲಿ. ಹಾಡಿದ್ದು ದ ಮೆಲೋಡಿಯನ್ಸ್ ಅನ್ನೋ ತಂಡ, ಬರೆದವರು ಅದೇ ತಂಡದ ಬ್ರೆಂಟ್ ಡೋ ಮತ್ತು ಟ್ರೆವರ್ ಮೆಕ್‌ನಾಟನ್. ಮಾತುಗಳು ಬೈಬಲ್‌ನ ಕೀರ್ತನೆಗಳಿಂದ ಬಂದವು. ಸೆರೆಯಾಳುಗಳು ಬ್ಯಾಬಿಲಾನ್ ನದಿಯ ದಡದಲ್ಲಿ ಕೂತಿದ್ದಾರೆ, ಸೆರೆ ಹಿಡಿದವರೇ ಬಂದು 'ಒಂದು ಹಾಡು ಹೇಳಿ' ಅಂತಾರೆ, ಪರನಾಡಲ್ಲಿ ನಮ್ಮ ದೇವರ ಹಾಡು ಹೇಗೆ ಹಾಡೋದು ಅಂತ ಇವರು ಅಳ್ತಾರೆ. ಜಮೈಕಾದ ರಾಸ್ತಾಫರಿ ಪಂಥದವರಿಗೆ ಇದು ಹಳೇ ಕಥೆ ಅಲ್ಲ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರ ವಂಶದವರು ಅವರು. ಬ್ಯಾಬಿಲಾನ್ ಅಂದ್ರೆ ಅವರ ಮಾತಿನಲ್ಲಿ ಪೊಲೀಸು, ಸರ್ಕಾರ, ಇಡೀ ದಬ್ಬಾಳಿಕೆಯ ವ್ಯವಸ್ಥೆ. ಅದಕ್ಕೇ ಮೂಲ ಹಾಡಿನಲ್ಲಿ ದೇವರನ್ನು ಕರೆಯೋದು ರಾಸ್ತಾಫರಿಗಳು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಗೆ ಇಟ್ಟ ಹೆಸರಿನಿಂದ. ಬೋನಿ ಎಂ ಹಾಡಿನಲ್ಲಿ ಆ ಹೆಸರು ಹೋಗಿ, ಯಾವ ಚರ್ಚಿನಲ್ಲಾದರೂ ನಡೆಯೋ 'ಪ್ರಭು' ಬಂದ. ರಾಗ ಅದೇ. ಅರ್ಜಿ ಬರೆದವರ ವಿಳಾಸ ಮಾತ್ರ ಅಳಿಸಿಹೋಯ್ತು. ಮತ್ತೆ ಬರೆದವರ ಪಟ್ಟಿಯಲ್ಲಿ ಡೋ, ಮೆಕ್‌ನಾಟನ್ ಜೊತೆಗೆ ಫಾರಿಯನ್ ಹೆಸರೂ ಅವರ ಜೊತೆಗಾರ ರೇಯಮ್ ಹೆಸರೂ ಸೇರಿಕೊಂಡವು.

ಹೆಸರು ಸೇರಿದ್ರೆ ಏನಾಯ್ತು ಅಂತೀರಾ? ಬಿ.ಕಾಂ ಓದಿದವರಿಗೆ ರಾಯಲ್ಟಿ ಅಕೌಂಟ್ಸ್ ನೆನಪಿರಬೇಕು. ಕನಿಷ್ಠ ಬಾಡಿಗೆ, ಶಾರ್ಟ್ ವರ್ಕಿಂಗ್ಸ್, ಲೆಕ್ಕದಲ್ಲಿ ಯಾವಾಗ್ಲೂ ಒಂದು ಕಲ್ಲಿದ್ದಲು ಗಣಿ. ಟನ್‌ಗೆ ಇಷ್ಟು ಅಂತ ಗಣಿ ಮಾಲೀಕನಿಗೆ ಕೊಡಬೇಕು. ನಾನು ಅದನ್ನು ಬಾಯಿಪಾಠ ಮಾಡಿ ಪಾಸಾದೆ, ಅಷ್ಟೇ. ಹಾಡು ಕೂಡ ಗಣಿಯೇ ಅಂತ ತಿಳಿದದ್ದು ಈ ಹಾಡುಗಳ ಬೆನ್ನು ಹತ್ತಿದ ಮೇಲೆ. ಒಂದೇ ವ್ಯತ್ಯಾಸ: ಗಣಿಯಿಂದ ತೆಗೆದ ಕಲ್ಲಿದ್ದಲು ಒಮ್ಮೆ ಮಾರಿದ್ರೆ ಮುಗೀತು, ಹಾಡನ್ನು ಯಾರು ಮತ್ತೆ ಹಾಡಿದರೂ ಬರೆದವರ ಪಾಲು ಬರ್ತಾ ಇರುತ್ತೆ. ಬರೆದವರು ಅಂತ ಕಾಗದದಲ್ಲಿ ಹೆಸರಿದ್ದರೆ.

ಈ ಜಗಳ ರೆಗೇಗಿಂತಲೂ ಹಳೇದು. ಎರಡನೇ ಮಹಾಯುದ್ಧದ ಹೊತ್ತಿಗೆ ಟ್ರಿನಿಡಾಡ್‌ನಲ್ಲಿ ಅಮೆರಿಕನ್ ಸೈನಿಕರ ನೆಲೆಗಳಿದ್ದವು. ಅಲ್ಲಿನ ಹಾಡುಗಾರಿಕೆ ಕ್ಯಾಲಿಪ್ಸೊ, ಊರಿನ ಸುದ್ದಿಯನ್ನು ಕುಟುಕಿ ಹಾಡೋದು. ಲಾರ್ಡ್ ಇನ್ವೇಡರ್ ಅನ್ನೋ ಹೆಸರಲ್ಲಿ ಹಾಡ್ತಿದ್ದ ರೂಪರ್ಟ್ ಗ್ರಾಂಟ್ 1943ರಲ್ಲಿ 'ರಮ್ ಅಂಡ್ ಕೋಕಾ-ಕೋಲಾ' ಕಟ್ಟಿದ. ಸೈನಿಕರ ಡಾಲರ್ ಹಿಂದೆ ತಾಯಿ, ಮಗಳು ಇಬ್ಬರೂ ಹೋಗಬೇಕಾದ ಊರಿನ ಕಥೆ ಅದು, ನಗಿಸುತ್ತಾ ಹೇಳಿದ್ದು. ಅದೇ ವರ್ಷ ಮೋರಿ ಆಮ್‌ಸ್ಟರ್‌ಡ್ಯಾಮ್ ಅನ್ನೋ ಅಮೆರಿಕನ್ ಹಾಸ್ಯನಟ ಸೈನಿಕರನ್ನು ರಂಜಿಸೋಕೆ ಟ್ರಿನಿಡಾಡ್‌ಗೆ ಹೋಗಿದ್ದ. ವಾಪಸ್ ಬಂದ ಮೇಲೆ ಅಮೆರಿಕದಲ್ಲಿ ಹಾಡು ಅವನ ಹೆಸರಲ್ಲಿ ಬಂತು. ಆಂಡ್ರ್ಯೂಸ್ ಸಿಸ್ಟರ್ಸ್ ಹಾಡಿದ ರೆಕಾರ್ಡ್ 1945ರಲ್ಲಿ ಅಲ್ಲಿನ ದೊಡ್ಡ ಹಿಟ್. ಆಮೇಲೆ ನ್ಯೂಯಾರ್ಕ್‌ನಲ್ಲಿ ಎರಡು ಮೊಕದ್ದಮೆ ನಡೆದವು: ಒಂದು ಸಾಹಿತ್ಯಕ್ಕೆ, ಇನ್ನೊಂದು ಅದಕ್ಕೂ ಹಳೇದಾದ, ಲಯೋನೆಲ್ ಬೆಲಾಸ್ಕೊ ಕಟ್ಟಿದ್ದ ರಾಗಕ್ಕೆ. ಎರಡರಲ್ಲೂ ಟ್ರಿನಿಡಾಡ್ ಕಡೆಯವರೇ ಗೆದ್ದರು. ನನಗೆ ಈ ಎಪಿಸೋಡ್‌ನಲ್ಲಿ ಅತಿ ಖುಷಿ ಕೊಟ್ಟ ತೀರ್ಪು ಇದು, ಯಾಕಂದ್ರೆ ಇಂಥದ್ದು ಅಪರೂಪ.

ಜಮೈಕಾದ ಒಳಗೇ ಪರಿಸ್ಥಿತಿ ಚೆನ್ನಾಗಿತ್ತು ಅಂದ್ಕೋಬೇಡಿ. 'ದ ಹಾರ್ಡರ್ ದೇ ಕಮ್' ಅಂತ 1972ರ ಸಿನಿಮಾ ಇದೆ, ಜಿಮ್ಮಿ ಕ್ಲಿಫ್ ನಾಯಕ. ಹಳ್ಳಿಯಿಂದ ಕಿಂಗ್‌ಸ್ಟನ್‌ಗೆ ಬಂದ ಹುಡುಗ ಒಂದು ಹಾಡು ರೆಕಾರ್ಡ್ ಮಾಡ್ತಾನೆ, ನಿರ್ಮಾಪಕ ಅವನ ಕೈಗೆ 20 ಡಾಲರ್ ಇಡ್ತಾನೆ, ಅಷ್ಟಕ್ಕೇ ಮುಗೀತು. ಕಥೆಯೇ ಆದರೂ ಅಲ್ಲಿನ ಸ್ಟುಡಿಯೊಗಳ ರೂಢಿ ಹೆಚ್ಚುಕಮ್ಮಿ ಹಾಗೇ ಇತ್ತು. ಆ ಸಿನಿಮಾದ ಹಾಡುಗಳ ಆಲ್ಬಮ್‌ನಲ್ಲಿ ಮೆಲೋಡಿಯನ್ಸ್‌ರ ಮೂಲ 'ರಿವರ್ಸ್ ಆಫ್ ಬ್ಯಾಬಿಲಾನ್' ಕೂಡ ಇದೆ, ಕೇಳಿ.

ಕೇಳೋವಾಗ ತಾಳ ಗಮನಿಸಿ. ನಾಲ್ಕು ಎಣಿಸಿ. ನಮಗೆ ರೂಢಿ ಇರೋ ಸಿನಿಮಾ ಹಾಡಿನಲ್ಲಿ, ರಾಕ್‌ನಲ್ಲಿ, ಡ್ರಮ್ 'ಧಂ' ಅಂತ ಒಂದರ ಮೇಲೇ ಬೀಳುತ್ತೆ. ರೆಗೇಯ 'ಒನ್ ಡ್ರಾಪ್' ಅನ್ನೋ ನಡೆಯಲ್ಲಿ ಒಂದನೇ ಎಣಿಕೆ ಖಾಲಿ. ಎರಡಕ್ಕೂ ನಾಲ್ಕಕ್ಕೂ ಗಿಟಾರ್ 'ಚಕ್' ಅನ್ನುತ್ತೆ, ಡ್ರಮ್ಮಿನ ಪೆಟ್ಟು ಮೂರರ ಮೇಲೆ. ಬಾಬ್ ಮಾರ್ಲಿ ಜೊತೆ ಡ್ರಮ್ಸ್ ನುಡಿಸುತ್ತಿದ್ದ ಕಾರ್ಲ್‌ಟನ್ ಬ್ಯಾರೆಟ್ ಇದನ್ನು ಲೋಕಕ್ಕೆ ಕಲಿಸಿದವರು. ಚಿಕ್ಕಂದಿನಲ್ಲಿ ಸಂಗೀತ ಕ್ಲಾಸಿಗೆ ಹೋದವರು ಆದಿತಾಳದಲ್ಲಿ ಸಮದ ಮೇಲೆ ತೊಡೆ ತಟ್ಟಿರ್ತೀರಲ್ಲ? ಆ ತಟ್ಟೋ ಜಾಗದಲ್ಲಿ ಕೈ ಗಾಳಿಯಲ್ಲೇ ನಿಂತರೆ ಹೇಗಿರುತ್ತೆ, ಹಾಗೆ. ಮೈ ತೂಗೋದು ಆ ಖಾಲಿಯಿಂದ.

ಈಗ 'ದ ಟೈಡ್ ಈಸ್ ಹೈ'. ತುಂಬ ಜನಕ್ಕೆ ಅದು ನ್ಯೂಯಾರ್ಕ್‌ನ ಬ್ಲಾಂಡಿ ತಂಡದ 1980ರ ಹಾಡು, ಇನ್ನೂ ಸ್ವಲ್ಪ ಚಿಕ್ಕವರಿಗೆ 2002ರ ಅಟಾಮಿಕ್ ಕಿಟನ್ ಹಾಡು. ಬರೆದವರು ಜಾನ್ ಹೋಲ್ಟ್, 1960ರ ದಶಕದಲ್ಲಿ ಹಾಡಿದ್ದು ಅವರದೇ ತಂಡ ದ ಪ್ಯಾರಗನ್ಸ್, ಕಿಂಗ್‌ಸ್ಟನ್‌ನ ಡ್ಯೂಕ್ ರೀಡ್ ನಿರ್ಮಾಣದಲ್ಲಿ. ಅದು ರೆಗೇಗೂ ಹಿಂದಿನ ರಾಕ್‌ಸ್ಟೆಡಿ ಶೈಲಿ, ನಿಧಾನ, ನಡುವೆ ಒಂದು ಪಿಟೀಲು. ನನ್ನ ಮಟ್ಟಿಗೆ ಮೂರರಲ್ಲಿ ಇದೇ ಮೇಲು, ವಾದಕ್ಕೆ ಬರೋರು ಬರಬಹುದು. ಇಲ್ಲಿ ಬರೆದವರ ಜಾಗದಲ್ಲಿ ಹೋಲ್ಟ್ ಹೆಸರು ಉಳಿದುಕೊಂಡಿತು.

ಎಲ್ಲ ಹಾಡೂ ಕೆರಿಬಿಯನ್‌ನಿಂದ ಹೊರಗೇ ಹೋಯ್ತು ಅಂತಲೂ ಅಲ್ಲ. 'ರೆಡ್ ರೆಡ್ ವೈನ್' ಬರೆದದ್ದು ಅಮೆರಿಕದ ನೀಲ್ ಡೈಮಂಡ್. ಜಮೈಕಾದ ಟೋನಿ ಟ್ರೈಬ್ 1969ರಲ್ಲಿ ಅದನ್ನು ರೆಗೇ ಮಾಡಿದ. ಬರ್ಮಿಂಗ್‌ಹ್ಯಾಮ್‌ನ ಯುಬಿ40 ಹುಡುಗರು ಆ ರೆಕಾರ್ಡ್ ಕೇಳಿ ಬೆಳೆದು 1983ರಲ್ಲಿ ಹಾಡಿದಾಗ, ಲೇಬಲ್ ಮೇಲಿದ್ದ ಡೈಮಂಡ್ ಯಾರೋ ಜಮೈಕಾದವನೇ ಅಂದುಕೊಂಡಿದ್ದರಂತೆ. ಕ್ರೆಡಿಟ್ಸ್ ಓದಿಯೂ ಮೋಸ ಹೋಗಬಹುದು ಅನ್ನಿ!

ಕೊನೆಗೆ ಮಾರ್ಲಿ. ಗೋಕರ್ಣದ ಅಂಗಡಿ ಬೀದಿಯಲ್ಲಿ ಟೀ ಶರ್ಟ್ ಮೇಲೆ ತೂಗಾಡೋ ಮುಖ. 'ನೋ ವುಮನ್ ನೋ ಕ್ರೈ' ಅಂದ್ರೆ 'ಹುಡುಗಿ ಇಲ್ಲದಿದ್ರೆ ಅಳುವೂ ಇಲ್ಲ' ಅಂತ ನಾನೂ ಕಾಲೇಜಿನಲ್ಲಿ ದೊಡ್ಡದಾಗಿ ಅರ್ಥ ಹೇಳಿದ್ದೀನಿ. ತಪ್ಪು. ಜಮೈಕಾದ ಆಡುಮಾತಿನಲ್ಲಿ ಅಲ್ಲಿನ ಎರಡನೇ 'ನೋ' ಅಂದ್ರೆ 'ಬೇಡ'. 'ಬೇಡ ಕಣೇ, ಅಳಬೇಡ' ಅನ್ನೋ ಸಮಾಧಾನದ ಮಾತು ಅದು, ಟ್ರೆಂಚ್‌ಟೌನ್ ಅನ್ನೋ ಬಡವರ ಬಡಾವಣೆಯ ನೆನಪಿನಲ್ಲಿ ಹೇಳಿದ್ದು.

1974ರ ಆಲ್ಬಮ್‌ನಲ್ಲಿ ಇದನ್ನು ಬರೆದವರು ಅಂತ ಮಾರ್ಲಿ ಹೆಸರಿಲ್ಲ, ವಿನ್ಸೆಂಟ್ ಫೋರ್ಡ್ ಅಂತಿದೆ. ಟ್ರೆಂಚ್‌ಟೌನ್‌ನಲ್ಲಿ ಹಸಿದವರಿಗೆ ಊಟ ಹಾಕ್ತಿದ್ದ ಮಾರ್ಲಿಯ ಹಳೇ ಗೆಳೆಯ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಇದ್ದವರು. ಹಾಡು ನಿಜಕ್ಕೂ ಬರೆದದ್ದು ಮಾರ್ಲಿಯೇ, ಹಳೇ ಪ್ರಕಾಶಕರ ಕೈಗೆ ದುಡ್ಡು ಹೋಗದಿರಲಿ ಅಂತ ಗೆಳೆಯರ ಹೆಸರು ಹಾಕಿದ್ದು ಅಂತ ಆ ಪ್ರಕಾಶಕರ ಕಡೆಯ ವಾದ. 2014ರಲ್ಲೂ ಲಂಡನ್ ಹೈಕೋರ್ಟ್‌ನಲ್ಲಿ ಅದು ನಡೀತು, ಅವರು ಸೋತರು. ಪ್ರಕಾಶಕರಿಂದ ತಪ್ಪಿಸೋಕೋ ಗೆಳೆಯನ ಒಲೆ ಉರೀಲಿ ಅಂತಲೋ, ಫೋರ್ಡ್ 2008ರಲ್ಲಿ ತೀರಿಕೊಳ್ಳೋ ತನಕ ಆ ಹಾಡಿನ ಪಕ್ಕ ಅವರ ಹೆಸರೇ ಇತ್ತು. ಈಗಲೂ ಇದೆ. ಮೂರು ಚುಕ್ಕಿ ಒತ್ತಿ ನೋಡಿ.