ಕೇಳಿಸಿಕೊಳ್ಳುವ ದೇವರು

ವಾಡಿ ಜಂಕ್ಷನ್‌ ಬಿಟ್ಟು ಸಿಕಂದರಾಬಾದಿನತ್ತ ಹೊರಟ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿದ ಮೇಲೆ ಧಾರೂರು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ನವೆಂಬರ್ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಕ್ಸ್‌ಪ್ರೆಸ್ ಗಾಡಿಗಳಿಗೂ ತಾತ್ಕಾಲಿಕ ನಿಲುಗಡೆ ಕೊಡುವುದುಂಟು. ಕಾರಣ, 1920ರ ದಶಕದಿಂದ ನಡೆದುಬಂದಿರುವ ಮೆಥೋಡಿಸ್ಟ್ ಕ್ರೈಸ್ತರ ಜಾತ್ರೆ. ತೇರಿಲ್ಲ, ಪಲ್ಲಕ್ಕಿಯಿಲ್ಲ; ಇರುವುದು ಡೇರೆ, ಹಾಡು, ಪ್ರಸಂಗ, ಪ್ರಾರ್ಥನೆ.

ಈ ಹಳಿಗೂ ಇಲ್ಲಿನ ಮೆಥೋಡಿಸ್ಟ್ ಸಭೆಗೂ ವಯಸ್ಸು ಹೆಚ್ಚುಕಡಿಮೆ ಒಂದೇ. ವಾಡಿ–ಸಿಕಂದರಾಬಾದ್ ಮಾರ್ಗ ತೆರೆದದ್ದು 1874ರಲ್ಲಿ. ಅಮೆರಿಕದ ವಿಲಿಯಂ ಟೇಲರ್ ದಕ್ಷಿಣದ ಊರುಗಳಲ್ಲಿ ಮೆಥೋಡಿಸ್ಟ್ ಸಭೆಗಳನ್ನು ಕಟ್ಟಿದ್ದೂ ಅದೇ ದಶಕದಲ್ಲಿ. ಬಯಲಲ್ಲಿ ಡೇರೆ ಹಾಕಿ ದಿನಗಟ್ಟಲೆ ಪ್ರಾರ್ಥಿಸುವುದು ಅಮೆರಿಕದ ಮೆಥೋಡಿಸ್ಟರ ಹಳೆಯ ರೂಢಿ. ನಿಜಾಮರ ಸೀಮೆಗೆ ಬಂದು ಅದು ಜಾತ್ರೆಯಾಯಿತು.

ಹಾಗಾದರೆ ಇಲ್ಲಿ ಕೇಳಿಕೊಳ್ಳುವುದೇನು? ಮಗುವಿನ ಜ್ವರ, ಕೈಸಾಲ, ಹೂ ಬಿಟ್ಟ ತೊಗರಿ, ಶಹಾಬಾದಿನ ಕಲ್ಲುಗಣಿಯಲ್ಲಿ ನಾಳೆಯ ಕೂಲಿ. ತಲೆ ಮೇಲೆ ಸೆರಗು ಹೊದ್ದು, ಮೊಣಕಾಲೂರಿ, ಹೆಸರು ಹಿಡಿದು ಹೇಳುತ್ತಾರೆ. ಯೇಸುವಿನ ನಾಮದಲ್ಲಿ ಮುಗಿಸಿ ಆಮೆನ್ ಅನ್ನುತ್ತಾರೆ. ದೇವರು ಎಲ್ಲ ಬಲ್ಲವನಾದರೆ ಹೇಳುವುದೇಕೆ ಎಂಬ ತಕರಾರು ಹಳೆಯದು. ಬೈಬಲಿನಲ್ಲೇ ಎರಡೂ ಇವೆ: ಕೇಳುವ ಮೊದಲೇ ತಂದೆಗೆ ಗೊತ್ತು ಎಂದ ಯೇಸುವೇ, ನಡುರಾತ್ರಿ ಗೆಳೆಯನ ಬಾಗಿಲು ಬಡಿದು ಮೂರು ರೊಟ್ಟಿ ಕೇಳಿದವನ ಕತೆಯನ್ನೂ ಹೇಳಿದ. ಒಳಗಿದ್ದವನು ಮೊದಲು ಗೊಣಗುತ್ತಾನೆ, ಆಮೇಲೆ ಎದ್ದು ಕೊಡುತ್ತಾನೆ. ಲೂಕನ ಸುವಾರ್ತೆಯ ಈ ಕತೆ ಸಂಕೋಚವನ್ನು ಗುಣವೆಂದು ಎಣಿಸುವುದಿಲ್ಲ.

ಹೀಗೆ ಬೇಡುವ ರೀತಿ ಎಲ್ಲರದಲ್ಲ ಎಂಬುದು ಇದೇ ಹಳಿಯ ಪಕ್ಕದ ಮಳಖೇಡವನ್ನು ನೋಡಿದರೆ ಸ್ಪಷ್ಟ. ರಾಷ್ಟ್ರಕೂಟರ ಈ ರಾಜಧಾನಿಯಲ್ಲಿ ನೇಮಿನಾಥ ಬಸದಿಯಿದೆ. ಜೈನ ಸಿದ್ಧಾಂತದಲ್ಲಿ ತೀರ್ಥಂಕರ ರಾಗದ್ವೇಷ ಗೆದ್ದವನು. ಬೇಡಿದ್ದಕ್ಕೆ ವರ ಕೊಡುವ ಗೊಡವೆ ಅವನಿಗಿಲ್ಲ, ಭಕ್ತ ಅವನ ಗುಣಗಳನ್ನು ನೆನೆದು ತಾನೇ ಮೇಲೇರಬೇಕು. ಅದೇ ಊರಲ್ಲಿ ದ್ವೈತದ ಟೀಕಾಚಾರ್ಯ ಜಯತೀರ್ಥರ ಬೃಂದಾವನವೂ ಇದೆ. ಜೀವನೇ ಬೇರೆ, ದೇವರೇ ಬೇರೆ ಎನ್ನುವ ಮಟ್ಟಿಗೆ ಕ್ರೈಸ್ತರಿಗೆ ಅವರು ಹತ್ತಿರದವರು. ಒಂದು ರೈಲು ಟಿಕೆಟ್ಟಿನೊಳಗೆ ಇಷ್ಟು ತತ್ತ್ವಶಾಸ್ತ್ರ ಬೇರೆಲ್ಲಿ ಸಿಕ್ಕೀತು!

ಕೇಳಿಸಿಕೊಳ್ಳುವ ದೇವರು ಒಬ್ಬ ವ್ಯಕ್ತಿಯಾದರೆ, ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯವೂ ಅವನಿಗೆ ಉಂಟು. ಸಭೆಗಳಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಸಾಮಾನ್ಯವಾಗಿ ಕೇಳಿದ್ದು ಸಿಕ್ಕವರು. ಸಿಗದವರು ಹಿಂದಿನ ಸಾಲಲ್ಲೇ ಉಳಿಯುತ್ತಾರೆ. ಬೈಬಲ್ ಈ ವಿಷಯದಲ್ಲಿ ಸಭೆಯ ಮೈಕಿಗಿಂತ ಪ್ರಾಮಾಣಿಕ. ಗೆತ್ಸೆಮನೆ ತೋಟದಲ್ಲಿ ಯೇಸುವೇ ತನ್ನ ಸಾವು ತಪ್ಪಲೆಂದು ಬೇಡಿಕೊಂಡ, ತಪ್ಪಲಿಲ್ಲ. ಶರೀರಕ್ಕೆ ನೆಟ್ಟ ಮುಳ್ಳು ತೆಗೆಯೆಂದು ಪೌಲ ಮೂರು ಸಲ ಕೇಳಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಅರ್ಥದ ಉತ್ತರ ಬಂತು. ಅದನ್ನು ಅವನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. 150 ಕೀರ್ತನೆಗಳಲ್ಲಿ ಗೋಳಿನವೇ ಬಹಳ; 88ನೆಯದಕ್ಕಂತೂ ಕೊನೆಯವರೆಗೂ ಉತ್ತರವಿಲ್ಲ. ಆದರೂ ಹಾಡಿದವನು ದೂರುವುದು ದೇವರ ಮುಂದೆಯೇ.