ಓಲೆಗರಿಯ ಮಯೂರವರ್ಮ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹವ್ಯಕರಲ್ಲಿ ಮೂಲದ ಮಾತು ಬಂದರೆ ಮಯೂರವರ್ಮನ ಹೆಸರೂ ಬರುತ್ತದೆ. ಬನವಾಸಿಯ ಈ ಕದಂಬ ದೊರೆ ಅಹಿಚ್ಛತ್ರದಿಂದ ವೈದಿಕರನ್ನು ಕರೆತಂದು ನೆಲೆಗೊಳಿಸಿದನಂತೆ. ಕರಾವಳಿಯಲ್ಲಿ ಇದೇ ಕಥೆಯನ್ನು ಬ್ರಾಹ್ಮಣರ ಊರುಗಳ ಪಟ್ಟಿಯಿರುವ ಗ್ರಾಮಪದ್ಧತಿಯೆಂಬ ಕೃತಿ ತಾಡವೋಲೆಯಲ್ಲಿ ಕಾಯ್ದುಕೊಂಡಿದೆ. ಹದಮಾಡಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ ಮೊದಲಿಗೆ ಕಣ್ಣಿಗೆ ಬೀಳುವುದೇ ಕಷ್ಟ. ಮಸಿ ತೀಡಿ ಒರೆಸಿದಾಗ ಗೀರಿನೊಳಗೆ ಉಳಿದ ಕಪ್ಪಿನಿಂದ ಸಾಲು ಮೂಡುತ್ತದೆ. ಮಳೆನಾಡಿನ ತೇವ, ಹುಳುವಿನ ಕಾಟಕ್ಕೆ ಗರಿ ಬಹುಕಾಲ ಬಾಳದು; ಕೃತಿ ಉಳಿಯಬೇಕೆಂದರೆ ಮತ್ತೆ ಮತ್ತೆ ಪ್ರತಿ ತೆಗೆಯಬೇಕು. ಹಾಗಾಗಿ ಓಲೆಯ ಮಯೂರವರ್ಮನಲ್ಲಿ ಅವನು ಬಾಳಿದ ನಾಲ್ಕನೇ ಶತಮಾನಕ್ಕಿಂತ ಪ್ರತಿಕಾರರ ಕಾಲವೇ ಹೆಚ್ಚು ಕಾಣುತ್ತದೆ ಎಂಬುದು ನನ್ನ ವಾದ.

ಕಲ್ಲು ಹೇಳುವುದೇ ಬೇರೆ. ತಾಳಗುಂದದ ಕಂಬದ ಶಾಸನದ ಪ್ರಕಾರ ಆತ ಮಾನವ್ಯ ಗೋತ್ರದ ಬ್ರಾಹ್ಮಣ ಮಯೂರಶರ್ಮ. ಕಂಚಿಯ ಘಟಿಕೆಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದವನು. ಬನವಾಸಿಯ ಪಕ್ಕದ ಗುಡ್ನಾಪುರದಲ್ಲಿ ದೊರೆತ, ನಂತರದ ಕದಂಬ ದೊರೆ ರವಿವರ್ಮನ ಶಾಸನ ವೀರಶರ್ಮ ಅವನ ಅಜ್ಜ, ಬಂಧುಷೇಣ ತಂದೆ ಎನ್ನುತ್ತದೆ. ಅಹಿಚ್ಛತ್ರದ ವಲಸೆಯ ಕಥೆ ಶಾಸನಗಳಲ್ಲಿ ಕಾಣಿಸುವುದು ಶತಮಾನಗಳ ನಂತರ. ಅಲ್ಲೂ ತಾಳಗುಂದದ ಮಟ್ಟಿಗೆ ಕರೆತಂದ ಕೀರ್ತಿ ಮುಕ್ಕಣ್ಣ ಕದಂಬನೆಂಬ ದೊರೆಯದು. ಕಥೆ ಒಂದೇ, ದೊರೆ ಬೇರೆ. ನೆಲೆನಿಂತವರಿಗೆ ನೆಲ ಕೊಟ್ಟ ಅರಸನೊಬ್ಬ ಬೇಕಿದ್ದ. ಆ ಜಾಗಕ್ಕೆ ಒಮ್ಮೆ ಈತ, ಒಮ್ಮೆ ಆತ ಬಂದು ನಿಂತ.

ಹಾಗಾದರೆ ಓಲೆ ಸುಳ್ಳು, ಕಲ್ಲು ನಿಜವೇ? ಅಷ್ಟು ಸರಳವಲ್ಲ. ತಾಳಗುಂದದ ಕಂಬವೂ ಮಯೂರನ ಕಾಲದ್ದಲ್ಲ, ಮೂರ್ನಾಲ್ಕು ತಲೆಮಾರು ಈಚಿನದು. ಅದರ ಮೇಲೆ ಕುಬ್ಜನೆಂಬ ಕವಿ ಬರೆದದ್ದು ಕದಂಬರ ಹೊಗಳಿಕೆಯನ್ನೇ. ಇತ್ತ, ತಡವಾಗಿ ಬರೆದದ್ದೆಂದು ಓಲೆಯನ್ನು ಬದಿಗಿಟ್ಟರೆ ನಷ್ಟ ನಮ್ಮದೇ. ಐರ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ 12ನೇ ಶತಮಾನದಲ್ಲಿ ಕರುವಿನ ಚರ್ಮದ ಮೇಲೆ ಬರೆದ ‘ಬುಕ್ ಆಫ್ ಲೀನ್‌ಸ್ಟರ್’ನಂಥ ಹೊತ್ತಗೆಗಳು ರಾಜರ ವಂಶವನ್ನು ಬೈಬಲ್ಲಿನ ನೋಹನವರೆಗೂ ಒಯ್ದವು. ಅದನ್ನು ಈಗ ಯಾರೂ ಚರಿತ್ರೆಯೆಂದು ನಂಬುವುದಿಲ್ಲ, ಹಾಗೆಂದು ಹೊತ್ತಗೆಯನ್ನು ಎಸೆದೂ ಇಲ್ಲ. ಯಾವ ಮನೆತನ ಯಾರನ್ನು ಪೂರ್ವಜನೆಂದು ಹೇಳಿಕೊಂಡಿತು ಎಂಬುದರಲ್ಲಿ ಬರೆದ ಕಾಲದ ಅಧಿಕಾರ, ನಂಟು, ನೆಲದ ಹಕ್ಕು ಎಲ್ಲವನ್ನೂ ವಿದ್ವಾಂಸರು ಓದುತ್ತಾರೆ. ಗ್ರಾಮಪದ್ಧತಿಯನ್ನೂ ಹಾಗೆ ಓದಬೇಕು. ಅದರಲ್ಲಿ ನನಗೆ ಮಯೂರವರ್ಮನ ಪ್ರಸಂಗಕ್ಕಿಂತ ಊರುಗಳ ಪಟ್ಟಿಯೇ ಮುಖ್ಯ: ಯಾವ ಊರು ಒಳಗಿದೆ, ಯಾವುದು ಹೊರಗುಳಿಯಿತು, ಯಾವ ಊರಿನವರನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸಲಾಯಿತು.